ಹೆಸರಿನ ಚೀಟಿಯಿಲ್ಲದ ಸಂಕರ ಆರ್ಕಿಡ್

ಮುಂಬಯಿ ಹಾಗೂ ಉಪನಗರಗಳ ಸಸ್ಯಮಳಿಗೆಗಳಲ್ಲಿ ದೊರೆಯುವ ಆರ್ಕಿಡ್‌ಗಳಲ್ಲಿ ಅನೇಕವು ಸಂಕರ ತಳಿಗಳು. ಸಹ್ಯಾದ್ರಿಯ ಕಾಡುಗಳ ಸೀತಾಳೆಯೂ ಇದೇ ಕುಟುಂಬಕ್ಕೆ ಸೇರಿದ್ದು. ಹೆಸರಿನ ಚೀಟಿ ಕಳೆದುಹೋದ ಗಿಡದ ಕುಲವನ್ನು ಮೊದಲು ಗುರುತಿಸಬೇಕು. ಕಬ್ಬಿನಂತೆ ಗೆಣ್ಣುಗಳುಳ್ಳ ಕಾಂಡಗಳಿದ್ದರೆ ಅದು ಬಹುಶಃ ಡೆಂಡ್ರೋಬಿಯಂ. ಅಗಲವಾದ ದಪ್ಪ ಎಲೆಗಳು ಬುಡದಲ್ಲಿಯೇ ಸೇರಿದ್ದರೆ ಫಲನಾಪ್ಸಿಸ್. ಪಟ್ಟಿಯಂತಹ ಎಲೆಗಳು ನೆಟ್ಟನೆಯ ಕಾಂಡದ ಎರಡೂ ಬದಿಗೆ ಸಾಲಾಗಿದ್ದರೆ ವಾಂಡಾ. ಆರೈಕೆಗೆ ಇಷ್ಟು ತಿಳಿದರೂ ಸಾಕು. ಡೆಂಡ್ರೋಬಿಯಂ ಮತ್ತು ವಾಂಡಾಗಳಿಗೆ ಹೆಚ್ಚು ಬೆಳಕು ಬೇಕು. ಫಲನಾಪ್ಸಿಸ್‌ನ ಎಲೆಗಳು ಬಾಲ್ಕನಿಯ ಮಧ್ಯಾಹ್ನದ ಬಿಸಿಲಿಗೆ ಸುಟ್ಟುಹೋಗುತ್ತವೆ.

ಆದರೆ ಹೂವನ್ನಷ್ಟೇ ನೋಡಿ ಸಂಕರದ ಹೆಸರನ್ನು ನಿಶ್ಚಿತವಾಗಿ ಹೇಳಲಾಗದು. ಒಂದೇ ಕಾಯಿಯ ಬೀಜಗಳಿಂದ ಬೆಳೆದ ಸಸಿಗಳ ಹೂಗಳು ಭಿನ್ನವಾಗಿರಬಹುದು. ಬೇರೆ ಬೇರೆ ಸಂಕರಗಳ ಹೂಗಳು ಒಂದೇ ತೆರನಾಗಿ ಕಾಣಬಹುದು. ಹೆಸರು ನಿಂತಿರುವುದು ಮಾತಾಪಿತೃ ಸಸ್ಯಗಳ ದಾಖಲೆಯ ಮೇಲೆ. ಈಶಾನ್ಯ ಭಾರತದ ನೀಲಿ ವಾಂಡಾ ಮತ್ತು ಫಿಲಿಪ್ಪೀನ್ಸಿನ ವಾಂಡಾ ಸಾಂಡೇರಿಯಾನಾಗಳ ಸಂಕರವು 1931ರಲ್ಲಿ 'ರಾತ್‌ಚೈಲ್ಡಿಯಾನಾ' ಎಂದು ದಾಖಲಾಯಿತು. ಇಂತಹ ಅಂತರರಾಷ್ಟ್ರೀಯ ನೋಂದಣಿಯನ್ನು 1961ರಿಂದ ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯು ನಿರ್ವಹಿಸುತ್ತಿದೆ.

ಊಹೆಯ ಹೆಸರನ್ನು ಬರೆದು ಸಸಿಗಳನ್ನು ಹಂಚಿದರೆ ತಪ್ಪೂ ಅವುಗಳೊಡನೆ ಹರಡುತ್ತದೆ. ಆದುದರಿಂದ 'ಡೆಂಡ್ರೋಬಿಯಂ ಸಂಕರ, ಹೆಸರು ತಿಳಿಯದು' ಎಂದು ಬರೆದು, ಕೊಂಡ ಸ್ಥಳ ಮತ್ತು ದಿನಾಂಕವನ್ನು ನಮೂದಿಸುವುದೇ ಸರಿಯಾದ ಕ್ರಮ.