ಬೇಲಿಯೇ ಎದ್ದು ಹೊಲ ಮೇದರೆ

ಮುಂಡರಗಿಯ ಎರೆಹೊಲವಾಗಲಿ, ಶಿರಹಟ್ಟಿಯ ಮಸಾರಿಯಾಗಲಿ, ಬೇಲಿಯೇ ಎದ್ದು ಹೊಲ ಮೇದರೆ ಒಕ್ಕಲಿಗನ ಗತಿಯೇನು? ಇಂಥದೇ ವಿಪತ್ತು ನಮ್ಮ ಶರೀರದೊಳಗೂ ಒದಗುವುದುಂಟು.

ರೋಗಾಣುಗಳೊಡನೆ ಕಾದಾಡುವ ಬಿಳಿಯ ರಕ್ತಕಣಗಳು ನಮ್ಮ ಅಂಗಾಂಗಗಳ ಮೇಲೆಯೇ ಬೀಳದಂತೆ ತಡೆಯುವ ಕಣಗಳೂ ಉಂಟು. ಇವೇ ನಿಯಂತ್ರಕ ಟಿ-ಕೋಶಗಳು. ಜಪಾನಿನ ಶಿಮೊನ್ ಸಕಾಗುಚಿಯವರು 1995ರಲ್ಲಿ ಇವುಗಳನ್ನು ಗುರುತಿಸಿದರು. 2025ರಲ್ಲಿ ಅಮೆರಿಕದ ಮೇರಿ ಬ್ರಂಕೋ, ಫ್ರೆಡ್ ರ‍್ಯಾಮ್ಸ್‌ಡೆಲ್ ಅವರೊಡನೆ ನೊಬೆಲ್ ಪಾರಿತೋಷಿಕವನ್ನು ಹಂಚಿಕೊಂಡರು.

ಈ ಕೋಶಕ್ಕೆ ಕಾವಲಿನ ಗುಣವನ್ನು ಕೊಡುವುದು ಫಾಕ್ಸ್‌ಪಿ3 ಎಂಬ ಪ್ರೋಟೀನು. ಅದರ ಜೀನಿನ ಒಂದು ಭಾಗದಲ್ಲಿ ಮೀಥೈಲ್ ಗುಂಪುಗಳು ಅಂಟಿಕೊಂಡಿರದಿದ್ದರೆ ಪ್ರೋಟೀನಿನ ತಯಾರಿಕೆ ಎಡೆಬಿಡದೆ ಸಾಗುವುದು. ಉರಿಯೂತ ಬಲಿತಾಗ ಇಂಟರ್‌ಲ್ಯೂಕಿನ್-6 ಎಂಬ ದ್ರವ್ಯ ಹೆಚ್ಚುತ್ತದೆ, ಆ ಗುಂಪುಗಳು ಮರಳಿ ಅಂಟಿಕೊಳ್ಳಬಲ್ಲವು, ಫಾಕ್ಸ್‌ಪಿ3 ಕುಗ್ಗುತ್ತದೆ. ಆಗ ಕೆಲವು ಕೋಶಗಳು ಕಾವಲು ತೊರೆದು, ಉರಿಯೂತವನ್ನೇ ಬೆಳೆಸುವ ಇಂಟರ್‌ಲ್ಯೂಕಿನ್-17ನ್ನು ಸ್ರವಿಸತೊಡಗುತ್ತವೆ. ಸಂಧಿವಾತವಿದ್ದ ಇಲಿಗಳಲ್ಲಿ ಇಂಥ ಕೋಶಗಳು ಕೀಲಿನ ಎಲುಬು ಸವೆಯಲು ನೆರವಾಗುವುದನ್ನು ಜಪಾನಿನ ಸಂಶೋಧಕರು 2014ರಲ್ಲಿ ತೋರಿಸಿದರು.

ನಿಯಂತ್ರಕ ಕೋಶಗಳನ್ನು ಶರೀರದ ಹೊರಗೆ ಬೆಳೆಸಿ ರೋಗಿಗೆ ಕೊಡುವ ಪ್ರಯೋಗಗಳು ನಡೆದಿವೆ. ಉರಿಯೂತದ ನಡುವೆ ಸಿಕ್ಕ ಮೇಲೂ ಅವು ತಮ್ಮ ಗುಣವನ್ನು ಉಳಿಸಿಕೊಳ್ಳುವಂತೆ ಮಾಡುವುದೇ ಆ ಚಿಕಿತ್ಸೆಯ ಮುಂದಿರುವ ಕಠಿಣ ಸಮಸ್ಯೆ.