ಮಂಡಿ ನೋವಿಗೆ ಇಂಜೆಕ್ಷನ್ : ಆರಾಮ ಎಷ್ಟು ದಿನ? ಅಪಾಯ ಏನು? ಹಾಕಿಸಿಕೊಳ್ಳುವ ಮೊದಲು ಇದನ್ನು ಓದಿ

ಶಿವಮೊಗ್ಗ : ಗಾಂಧಿ ಬಜಾರ್‌ನಲ್ಲಿ ದಿನವಿಡೀ ನಿಂತು ವ್ಯಾಪಾರ ಮಾಡುವವರು, ಗಂಟೆಗಟ್ಟಲೆ ಕೂತು ಅಡಿಕೆ ಸುಲಿಯುವವರು, ಭದ್ರಾವತಿಯ ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದವರು. ವಯಸ್ಸು 50 ದಾಟಿದರೆ ಇವರಲ್ಲಿ ಹಲವರಿಗೆ ಮಂಡಿ ನೋವು ಶುರು. ‘ಒಂದು ಇಂಜೆಕ್ಷನ್ ಹಾಕಿಸಿ, ಸರಿ ಹೋಗುತ್ತೆ’ ಅನ್ನೋ ಸಲಹೆಯೂ ಸಿಗುತ್ತೆ. ಇದು ಅರ್ಧ ಮಾತ್ರ ನಿಜ.

ಲಾಭ ಏನು?
ಸಾಮಾನ್ಯವಾಗಿ ಕೀಲಿಗೆ ಹಾಕುವುದು ಸ್ಟಿರಾಯ್ಡ್ ಇಂಜೆಕ್ಷನ್. ಕೀಲಿನ ಒಳಗಿನ ಊತ, ಉರಿಯೂತ ತಗ್ಗುತ್ತದೆ. ಕೆಲವೇ ದಿನದಲ್ಲಿ ನೋವು ಇಳಿಯುತ್ತದೆ. ಈ ಆರಾಮ ಕೆಲವು ವಾರ, ಹೆಚ್ಚೆಂದರೆ ಎರಡು ಮೂರು ತಿಂಗಳು. ಸವೆದ ಮೃದ್ವಸ್ಥಿ ಮಾತ್ರ ಮತ್ತೆ ಬೆಳೆಯುವುದಿಲ್ಲ.

ಪದೇ ಪದೇ ಹಾಕಿಸಿದರೆ?
ಅಮೆರಿಕದಲ್ಲಿ 140 ಮಂದಿಯ ಮೇಲೆ ನಡೆದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಮೂರು ತಿಂಗಳಿಗೊಮ್ಮೆ, ಎರಡು ವರ್ಷ ಮಂಡಿಗೆ ಇಂಜೆಕ್ಷನ್ ಕೊಡಲಾಗಿತ್ತು. ಸ್ಟಿರಾಯ್ಡ್ ಪಡೆದವರಲ್ಲಿ ಮೃದ್ವಸ್ಥಿ ಹೆಚ್ಚು ಸವೆದಿತ್ತು. ನೋವಿನಲ್ಲಿ, ಬರೀ ಉಪ್ಪು ನೀರಿನ ಇಂಜೆಕ್ಷನ್ ಪಡೆದವರಿಗಿಂತ ಹೆಚ್ಚಿನ ಲಾಭ ಕಾಣಲಿಲ್ಲ. ಹಾಗಾಗಿ ಎರಡು ಇಂಜೆಕ್ಷನ್ ನಡುವೆ ಕನಿಷ್ಠ ಮೂರು ತಿಂಗಳ ಅಂತರ ಇರಬೇಕು ಅನ್ನುವುದು ವೈದ್ಯರ ಸಾಮಾನ್ಯ ಲೆಕ್ಕ. ಅಗತ್ಯ ಇಲ್ಲದಿದ್ದರೆ ಅದೂ ಬೇಡ.

ಯಾರು ಹುಷಾರಾಗಿರಬೇಕು?
» ಸಕ್ಕರೆ ಕಾಯಿಲೆ ಇರುವವರು : ಇಂಜೆಕ್ಷನ್ ನಂತರ ಕೆಲವು ದಿನ ಶುಗರ್ ಏರಬಹುದು. ತಪ್ಪದೆ ಚೆಕ್ ಮಾಡಿಸಿ.
» ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು : ವೈದ್ಯರಿಗೆ ಮೊದಲೇ ಹೇಳಿ.
» ಜ್ವರ, ಚರ್ಮದ ಸೋಂಕು ಇದ್ದವರು : ವಾಸಿಯಾಗುವವರೆಗೆ ಬೇಡ.
» ಮಂಡಿ ಬದಲಿ ಶಸ್ತ್ರಚಿಕಿತ್ಸೆ ಮಾಡಿಸುವವರು : ಹಿಂದಿನ ಮೂರು ತಿಂಗಳಲ್ಲಿ ಇಂಜೆಕ್ಷನ್ ಹಾಕಿಸಿದರೆ ಸೋಂಕಿನ ಅಪಾಯ ಹೆಚ್ಚು.

ಇಂಜೆಕ್ಷನ್ ಆದ ಒಂದೆರಡು ದಿನ ನೋವು ಹೆಚ್ಚಾಗುವುದುಂಟು. ಆದರೆ ಮಂಡಿ ಕೆಂಪಾಗಿ, ಬಿಸಿಯಾಗಿ, ಊದಿಕೊಂಡು ಜ್ವರ ಬಂದರೆ ಅದು ಕೀಲಿನ ಸೋಂಕು ಇರಬಹುದು. ಇದು ಅಪರೂಪ, ಆದರೆ ಗಂಭೀರ. ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಚೀಟಿ ಕೇಳಿ ಪಡೆಯಿರಿ
ಯಾವ ಔಷಧ, ಎಷ್ಟು ಪ್ರಮಾಣ, ಯಾವ ದಿನಾಂಕ ಅನ್ನುವುದನ್ನು ಬರೆಸಿಕೊಳ್ಳಿ. ಹೆಸರು ಹೇಳದೆ ‘ನೋವಿನ ಇಂಜೆಕ್ಷನ್’ ಅಂತ ಕೊಡುವವರ ಹತ್ತಿರ ಮಂಡಿ ಒಡ್ಡಬೇಡಿ. ಮೆಗ್ಗಾನ್ ಆಸ್ಪತ್ರೆಯ ಮೂಳೆ ವಿಭಾಗದಲ್ಲೋ, ಬೇರೆ ಮೂಳೆ ತಜ್ಞರ ಬಳಿಯೋ ಮೊದಲು ತೋರಿಸಿ.

ನೋವು ಇಳಿದ ದಿನಗಳನ್ನು ವ್ಯರ್ಥ ಮಾಡಬೇಡಿ. ಕುರ್ಚಿ ಮೇಲೆ ಕೂತು ಕಾಲು ನೇರ ಚಾಚಿ ಹಿಡಿಯುವ ವ್ಯಾಯಾಮ ತೊಡೆಯ ಸ್ನಾಯುವಿಗೆ ಬಲ ಕೊಡುತ್ತದೆ. ತೂಕ ಇಳಿದಷ್ಟೂ ಮಂಡಿಯ ಮೇಲಿನ ಭಾರ ಕಡಿಮೆ. ಮುಂದಿನ ಇಂಜೆಕ್ಷನ್ ಬೇಕಾಗದಂತೆ ನೋಡಿಕೊಳ್ಳಲು ಇದೇ ಸಮಯ.