ತೆಂಗಿನ ಗರಿಯ ವಾಚು

ತೆಂಗಿನ ಗರಿಯ ವಾಚು ಸರಿಯಾದ ಹೊತ್ತು ತೋರಿಸಿದ್ದನ್ನು ಯಾರೂ ಕಂಡಿಲ್ಲ. ಆದರೂ ಅದನ್ನು ಕಟ್ಟಿಕೊಂಡ ಎಡಗೈಯನ್ನು ಇಡೀ ದಿನ ಮೇಲೆತ್ತಿಕೊಂಡೇ ಓಡಾಡಿದವರು ನಾವು. ತಾತ ಗರಿಯ ಕಡ್ಡಿ ಸೀಳಿ ತೆಗೆದು, ಎರಡು ಎಳೆಗಳನ್ನು ಒಂದರ ಮೇಲೊಂದು ಮಡಚಿ, ತುದಿ ಸಿಕ್ಕಿಸುವವರೆಗೆ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಕಾಯುತ್ತಿದ್ದೆವು. ಕಳೆದ ವರ್ಷ ಸಾಗರದ ಕಡೆಯ ಒಂದು ಸರ್ಕಾರಿ ಶಾಲೆಯ ಜಗಲಿಯಲ್ಲಿ ಅಂಥ ವಾಚುಗಳು ಸುತಳಿಗೆ ಸಾಲಾಗಿ ತೂಗುತ್ತಿದ್ದವು. ಜೊತೆಗೆ ಗರಿಯ ಕನ್ನಡಕ, ಗರಿಯ ಗಿಳಿ, ಊದಿದರೆ ಅಷ್ಟಿಷ್ಟು ಸದ್ದು ಮಾಡುವ ಪೀಪಿ. ಅರ್ಧಕ್ಕರ್ಧ ಬಿಚ್ಚಿಕೊಂಡಿದ್ದವು, ಎರಡು ಮೂರು ಆಗಲೇ ನೆಲ ಸೇರಿದ್ದವು. ಪ್ರತಿಯೊಂದರ ಕೆಳಗೂ ಹಳೆಯ ಮದುವೆ ಕರೆಯೋಲೆಯಿಂದ ಕತ್ತರಿಸಿದ ಒಂದೊಂದು ಚೀಟಿ. ಅದರಲ್ಲಿ ಗುಂಡಗೆ ಬರೆದ ಅಕ್ಷರ: ಕಲಿಸಿದ್ದು ಅಜ್ಜಯ್ಯ, ಕಟ್ಟಿದ್ದು ನಾನು.

ಅಂದು ಆ ಶಾಲೆಯಲ್ಲಿ ಅಜ್ಜ-ಅಜ್ಜಿಯರ ದಿನ.

ಈ ದಿನ ನಮ್ಮ ಪಂಚಾಂಗದ್ದಲ್ಲ. ಅಮೆರಿಕದ ಪಶ್ಚಿಮ ವರ್ಜೀನಿಯಾದಲ್ಲಿ ಮರಿಯನ್ ಮೆಕ್‌ಕ್ವೇಡ್ ಎಂಬ ಗೃಹಿಣಿ ಇದ್ದರು, ಹದಿನೈದು ಮಕ್ಕಳ ತಾಯಿ. ವೃದ್ಧಾಶ್ರಮಗಳಲ್ಲಿ ಒಂಟಿಯಾಗಿ ಕೂತವರನ್ನು ನೋಡಿ ಮನಸ್ಸು ಕಲಕಿ, ಅವರಿಗೊಂದು ದಿನ ಬೇಕೆಂದು 1970ರ ಹೊತ್ತಿಗೆ ಹಟ ಹಿಡಿದರು. 1973ರಲ್ಲಿ ಅವರ ರಾಜ್ಯ ಒಪ್ಪಿತು. 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದರು, ಸೆಪ್ಟೆಂಬರಿನ ಕಾರ್ಮಿಕ ದಿನದ ಮರು ಭಾನುವಾರ ಅಲ್ಲಿ ಅಜ್ಜ-ಅಜ್ಜಿಯರ ದಿನವಾಯಿತು. ಪೋಲೆಂಡಿನಲ್ಲಿ ಇಬ್ಬರಿಗೂ ಬೇರೆ ಬೇರೆ ದಿನ: ಜನವರಿ 21 ಅಜ್ಜಿಗೆ, 22 ಅಜ್ಜನಿಗೆ. ಅಲ್ಲಿನ ಶಿಶುವಿಹಾರಗಳಲ್ಲಿ ಮಕ್ಕಳು ಹೂವಿನ ಚಿತ್ರ ಬರೆದ ಕಾರ್ಡು ಮಾಡುತ್ತಾರೆ, ಅದಕ್ಕೆ ಲಾವುರ್ಕಾ ಎಂದೇ ಹೆಸರು. ಇಟಲಿ 2005ರಲ್ಲಿ ಕಾನೂನನ್ನೇ ಮಾಡಿ ಅಕ್ಟೋಬರ್ 2ನ್ನು ಅಜ್ಜ-ಅಜ್ಜಿಯರಿಗೆ ಬಿಟ್ಟುಕೊಟ್ಟಿತು. ಜಪಾನಿನಲ್ಲಿ ಹಿರಿಯರ ಗೌರವದ ದಿನಕ್ಕೆ 1966ರಿಂದ ರಾಷ್ಟ್ರೀಯ ರಜೆ. ಅದು ಶುರುವಾದದ್ದು 1947ರಲ್ಲಿ, ಹ್ಯೋಗೊ ಪ್ರಾಂತ್ಯದ ಒಂದು ಹಳ್ಳಿಯಲ್ಲಿ. ನಮ್ಮ ಶಾಲೆಗಳಿಗೆ ನಿಗದಿಯಾದ ತಾರೀಖಿಲ್ಲ. ಕೆಲವರು ಸೆಪ್ಟೆಂಬರಿನಲ್ಲಿ, ಕೆಲವರು ವಿಶ್ವಸಂಸ್ಥೆಯ ಹಿರಿಯರ ದಿನವಾದ ಅಕ್ಟೋಬರ್ 1ಕ್ಕೆ, ಇನ್ನು ಕೆಲವರು ಮುಖ್ಯೋಪಾಧ್ಯಾಯರಿಗೆ ಬಿಡುವಾದಾಗ ಮಾಡುತ್ತಾರೆ. ಬೇರೆ ನೆಲದಿಂದ ಬಂದದ್ದು ಅಂತ ನನಗೇನೂ ತಕರಾರಿಲ್ಲ. ಮೆಣಸಿನಕಾಯಿಯೂ ಹೊರಗಿನಿಂದಲೇ ಬಂದದ್ದು.

ತಕರಾರು ಇರುವುದು ಅಲಂಕಾರದ ಬಗ್ಗೆ. ಹೆಸರು ಬೇಡ, ನಮ್ಮ ನಗರದ ಒಂದು ಶಾಲೆಗೆ ಇದೇ ದಿನದಂದು ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಅಣ್ಣನ ಮಗಳು ಅಲ್ಲಿ ಮೂರನೇ ತರಗತಿ. ಗೇಟಿಗೆ ಬಲೂನಿನ ಕಮಾನು, ಒಳಗೆ ಮಿರಮಿರ ಮಿನುಗುವ ಝರಿ ಕಾಗದ, ಥರ್ಮೋಕೋಲಿನಲ್ಲಿ ಕೊರೆದ ಇಂಗ್ಲಿಷ್ ಅಕ್ಷರ. ವೇದಿಕೆಯ ಹಿಂದೆ ಹತ್ತಡಿ ಫ್ಲೆಕ್ಸು. ಅದರಲ್ಲಿ ಬಿಳಿ ಕೂದಲಿನ, ನೀಲಿ ಕಣ್ಣಿನ ಅಜ್ಜ-ಅಜ್ಜಿ ಸೋಫಾದಲ್ಲಿ ಕೂತು ನಗುತ್ತಿದ್ದರು. ಅಮ್ಮ ಬಹಳ ಹೊತ್ತು ದಿಟ್ಟಿಸಿ, "ಯಾರೇ ಇವರು? ಶಾಲೆಗೆ ದುಡ್ಡು ಕೊಟ್ಟೋರಾ?" ಎಂದು ನನ್ನನ್ನು ಕೇಳಿದರು. ಅದು ಯಾರದೋ ಕಂಪ್ಯೂಟರಿನಿಂದ ಇಳಿಸಿಕೊಂಡ ಚಿತ್ರ ಎಂದು ಹೇಳಲು ನನಗೆ ನಾಲಿಗೆ ಬರಲಿಲ್ಲ. ಮೂಲೆಯ ಮೇಜಿನ ಮೇಲೆ ಮಕ್ಕಳ ಕರಕುಶಲ ಪ್ರದರ್ಶನ ಇತ್ತು. ಒಂದೊಂದೂ ಎಷ್ಟು ಅಚ್ಚುಕಟ್ಟೆಂದರೆ ಅವನ್ನು ಮಾಡಿದ ಅಮ್ಮಂದಿರು ರಾತ್ರಿ ಎಷ್ಟು ಗಂಟೆಗೆ ಮಲಗಿದರೆಂದು ಲೆಕ್ಕ ಹಾಕಬಹುದಿತ್ತು. ಅಂದಹಾಗೆ, ಅಲಂಕಾರಕ್ಕೆ ಥರ್ಮೋಕೋಲ್ ಬಳಸುವುದನ್ನು 2022ರ ಜುಲೈ 1ರಿಂದ ದೇಶದಲ್ಲೆಲ್ಲ ನಿಷೇಧಿಸಲಾಗಿದೆ. ಬಲೂನಿನ ಪ್ಲಾಸ್ಟಿಕ್ ಕಡ್ಡಿ, ಪ್ಲಾಸ್ಟಿಕ್ ಬಾವುಟ, ನೂರು ಮೈಕ್ರಾನಿಗಿಂತ ತೆಳುವಾದ ಬ್ಯಾನರುಗಳೂ ಅದೇ ಪಟ್ಟಿಯಲ್ಲಿವೆ. ಪರಿಸರದ ಪಾಠ ಓದಿಸುವ ಜಾಗದಲ್ಲಿ ಇದನ್ನು ನೆನಪಿಸಬೇಕಾದದ್ದು ಸ್ವಲ್ಪ ಮುಜುಗರದ ಮಾತು.

ಸಾಗರದ ಕಡೆಯ ಶಾಲೆಯಲ್ಲಿ ದುಡ್ಡಿರಲಿಲ್ಲ, ಅದೇ ಅನುಕೂಲವಾಗಿತ್ತು. ಬಾಗಿಲ ಮೇಲೆ ಅಂಟಿಸಿದ ಉದ್ದನೆಯ ಕಾಗದದಲ್ಲಿ ಮಕ್ಕಳು ತಾವು ಮನೆಯಲ್ಲಿ ಕರೆಯುವ ಹೆಸರುಗಳನ್ನೇ ಬರೆದಿದ್ದರು. ಅಜ್ಜಯ್ಯ, ಅಮ್ಮಮ್ಮ, ಅಜ್ಜಿ, ತಾತ. ಉತ್ತರ ಕರ್ನಾಟಕದಿಂದ ವರ್ಗವಾಗಿ ಬಂದ ನೌಕರರೊಬ್ಬರ ಮಗ ಮುತ್ಯಾ, ಆಯಿ ಎಂದು ಬರೆದಿದ್ದ. ಅವನ ಪಕ್ಕದಲ್ಲಿ ಉರ್ದು ಮನೆಮಾತಿನ ಹುಡುಗಿಯ ದಾದಿ, ನಾನಿ. ಆ ಒಂದು ಹಾಳೆ ಊರಿನ ಜನಗಣತಿಯಂತಿತ್ತು. ಅಜ್ಜಿ ಎನ್ನುವುದಕ್ಕೆ ಕನ್ನಡ ನಾಡಿನಲ್ಲಿ ಎಷ್ಟು ಮಾತುಗಳಿವೆ ಎಂದು ಪಾಠ ಮಾಡಿದ್ದರೆ ಇಷ್ಟು ಮನಸ್ಸಿಗೆ ನಾಟುತ್ತಿರಲಿಲ್ಲ. ನನ್ನನ್ನು ಕೇಳಿದರೆ ಯಾವ ಶಾಲೆಯಲ್ಲೇ ಆಗಲಿ ಅಲಂಕಾರ ಶುರುವಾಗಬೇಕಾದದ್ದು ಇಲ್ಲಿಂದ.

ಹೊರಗೋಡೆಯ ಮೇಲೆ ಕೆಮ್ಮಣ್ಣು ಬಳಿದು ಹಸೆ ಚಿತ್ತಾರ ಬರೆದಿದ್ದರು. ಸಾಗರ, ಸೊರಬ, ಸಿದ್ದಾಪುರ ಸೀಮೆಯ ದೀವರ ಮನೆಗಳಲ್ಲಿ ಮದುವೆಗೆ ಹೆಂಗಸರು ಬರೆಯುವ ಚಿತ್ತಾರ ಅದು. ಕೆಂಪು ನೆಲಕ್ಕೆ ಅಕ್ಕಿ ಹಿಟ್ಟಿನ ಬಿಳಿ, ಹುರಿದು ಕರಕಲಾದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಕುಂಚವೂ ಅಂಗಡಿಯದ್ದಲ್ಲ, ಪುಂಡಿ ನಾರಿನದು. ಗೆರೆಗಳು ಅಡ್ಡ, ಉದ್ದ, ಓರೆ, ಎಲ್ಲವೂ ಲೆಕ್ಕದ್ದು. ಒಂದು ಎಳೆ ತಪ್ಪಿದರೆ ಪಕ್ಕದ ಚೌಕವೂ ಸೊಟ್ಟ. ಈ ಶಾಲೆಯ ಚಿತ್ತಾರದಲ್ಲಿ ಸೊಟ್ಟ ಬೇಕಾದಷ್ಟಿತ್ತು. ಆದರೆ ಎಡಗಡೆಯ ಅಂಚಿನಲ್ಲಿ ಒಂದು ಮೊಳದಷ್ಟು ಗೆರೆ ಕೂದಲೆಳೆಯಂತೆ ನೆಟ್ಟಗಿತ್ತು. ಮಕ್ಕಳಿಗೆ ಹೇಳಿಕೊಡಲು ಬಂದಿದ್ದ ಅಜ್ಜಿಯೊಬ್ಬರು ಅಷ್ಟು ಬರೆದು, ಉಳಿದದ್ದನ್ನು ಮಕ್ಕಳಿಗೆ ಬಿಟ್ಟು ಕೆಳಗೆ ಕೂತರಂತೆ. ಎಲ್ಲಿ ಅವರ ಕೈ ನಿಂತಿತು, ಎಲ್ಲಿ ಮಕ್ಕಳ ಕೈ ಶುರುವಾಯಿತು ಎಂದು ಬೆರಳಿಟ್ಟು ತೋರಿಸಬಹುದಿತ್ತು. ಅದನ್ನು ಒರೆಸಿ ಸರಿಮಾಡದೆ ಹಾಗೇ ಬಿಟ್ಟ ಮೇಷ್ಟರಿಗೆ ನಮಸ್ಕಾರ.

ಚಿತ್ತಾರ ಎಲ್ಲ ಊರಿನ ಗೋಡೆಗೂ ಒಗ್ಗುವುದಿಲ್ಲ, ಒಗ್ಗಬೇಕಾಗಿಯೂ ಇಲ್ಲ. ಧಾರವಾಡ, ಹುಬ್ಬಳ್ಳಿ ಕಡೆಯ ಶಾಲೆಯಾದರೆ ಕಸೂತಿ ಇದೆ. ಕಸೂತಿಗೆ ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವುದಿಲ್ಲ, ನೂಲಿನ ಎಳೆ ಎಣಿಸಿಯೇ ಸೂಜಿ ಹಾಕಬೇಕು, ಗಂಟಿರಬಾರದು. ಸಣ್ಣ ಮಕ್ಕಳಿಗೆ ಇದು ಕಷ್ಟ. ಆದರೆ ಗಣಿತದ ಚೌಕುಳಿ ನೋಟ್‌ಬುಕ್ ಇದೆಯಲ್ಲ, ಅದರ ಒಂದೊಂದು ಚೌಕಕ್ಕೆ ಒಂದೊಂದು ಗೆರೆ ಎಳೆಯುತ್ತ ಹೋದರೆ ಗೋಪುರ, ತೇರು, ತೊಟ್ಟಿಲು, ತುಳಸಿಕಟ್ಟೆ ತಾನಾಗಿ ಮೂಡುತ್ತವೆ. ಗವಂತಿ, ಮುರಗಿ, ನೇಯ್ಗೆ, ಮೆಂತೆ ಎಂಬ ನಾಲ್ಕು ಹೊಲಿಗೆಗಳ ಹೆಸರು ಅಜ್ಜಿಯ ಬಾಯಿಂದಲೇ ಬರಲಿ. ಹಳೆ ಮೈಸೂರಿನ ಕಡೆ ರಂಗೋಲಿ ಸಾಕು. ಏಳು ಚುಕ್ಕಿ, ನಾಲ್ಕರವರೆಗೆ, ಸಂದು ಚುಕ್ಕಿ ಎಂದು ಅಜ್ಜಿ ಹೇಳಿದರೆ ಅದು ಪೂರ್ತಿ ಒಂದು ನಕ್ಷೆ. ಕರಾವಳಿಯಲ್ಲಿ ಚೆನ್ನೆಮಣೆ, ಬಯಲುಸೀಮೆಯಲ್ಲಿ ಅಳಗುಳಿಮಣೆ: ಹದಿನಾಲ್ಕು ಗುಳಿಯ ಹಲಗೆಯನ್ನು ಮೊಟ್ಟೆ ಇಡುವ ರಟ್ಟಿನ ತಟ್ಟೆಯಲ್ಲೇ ಮಾಡಿ, ಹುಣಸೆ ಬೀಜ ತುಂಬಿ, ಮೇಜಿನ ಮೇಲಿಟ್ಟರೆ ನೋಡಲೂ ಚೆಂದ. ಆಡಲು ಕೂತ ಅಜ್ಜಂದಿರು ಊಟಕ್ಕೆ ಏಳುವುದಿಲ್ಲ ಎನ್ನುವುದೊಂದೇ ತೊಂದರೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕೌದಿ. ಉತ್ತರ ಕರ್ನಾಟಕದ ಮನೆಗಳಲ್ಲಿ ಹರಿದ ಸೀರೆ, ಧೋತರಗಳ ತುಂಡು ಕೂಡಿಸಿ ಹೊಲಿಯುವ ಹೊದಿಕೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರ ಕೌದಿಯ ಕ್ರಮವೇ ಬೇರೆ. ಅವರು ಮೂಲೆಯಿಂದ ಹೊಲಿಗೆ ಹಿಡಿದು, ಅಂಚಿನುದ್ದಕ್ಕೂ ಸುತ್ತು ಬರುತ್ತ ಬರುತ್ತ ನಡುವಿಗೆ ಮುಟ್ಟುತ್ತಾರೆ. ಕೊನೆಗೆ ನಾಲ್ಕು ಮೂಲೆಗೂ ಮಡಚಿದ ಬಟ್ಟೆಯ ಒಂದೊಂದು ಹೂವು. ಆ ಹೂವಿಲ್ಲದಿದ್ದರೆ ಕೌದಿ ಬೆತ್ತಲೆ ಎಂದು ಅವರ ಲೆಕ್ಕ. ಮೊಮ್ಮಕ್ಕಳ ತೊಟ್ಟಿಲಿಗೆ ಅಜ್ಜಿಯರು ಪುಟ್ಟ ಕೌದಿ ಹೊಲಿಯುವುದುಂಟು.

ಇದನ್ನು ಶಾಲೆಯಲ್ಲಿ ಮಾಡುವುದು ಹೇಗೆ? ಹದಿನೈದು ದಿನ ಮೊದಲೇ ಪ್ರತಿ ಮಗುವಿಗೂ ಗೇಣಗಲದ ಒಂದು ಬಟ್ಟೆ ತರಲು ಹೇಳಬೇಕು. ಹೊಸದಲ್ಲ, ಅಜ್ಜಿಯ ಸೀರೆಯದೋ ಅಜ್ಜನ ಪಂಚೆ, ಅಂಗಿ, ರುಮಾಲಿನದೋ. ಆ ತುಂಡು ಬರುವಾಗ ಜೊತೆಗೊಂದು ಕತೆ ಬಂದೇ ಬರುತ್ತದೆ: ಇದು ಯಾರ ಮದುವೆಯ ಸೀರೆ, ಎಲ್ಲಿ ಕೊಂಡದ್ದು, ಯಾಕೆ ಹರಿಯಿತು. ಮೇಷ್ಟರು ಅದನ್ನು ಮಕ್ಕಳ ಕೈಲೇ ಎರಡು ಸಾಲು ಬರೆಸಿದರೆ ಕನ್ನಡ ಪಾಠವೂ ಆಯಿತು. ತುಂಡುಗಳನ್ನು ಒಂದು ಹಳೇ ಚಾದರದ ಮೇಲೆ ಜೋಡಿಸಿ, ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಹಾಕುವುದು ಮಕ್ಕಳ ಪಾಲಿನ ಕೆಲಸ. ಗಂಡುಹುಡುಗರು ಮೊದಲ ದಿನ ನಕ್ಕು, ಎರಡನೇ ದಿನ ಬೆರಳು ಚುಚ್ಚಿಕೊಂಡು, ಮೂರನೇ ದಿನ ಯಾರ ಹೊಲಿಗೆ ನೆಟ್ಟಗಿದೆ ಎಂದು ಪಂದ್ಯ ಕಟ್ಟುತ್ತಾರೆ. ಪಕ್ಕಾ ಹೊಲಿಗೆ ಅಜ್ಜಿಯರು ಬಂದ ದಿನಕ್ಕೆ ಉಳಿಯಲಿ. ಅವರು ವೇದಿಕೆಯ ಕೆಳಗಿನ ಕುರ್ಚಿಯಲ್ಲಿ ಕೈಕಟ್ಟಿ ಕೂತು ಭಾಷಣ ಕೇಳುವ ಬದಲು ಸುತ್ತ ಕೂತು ಹೊಲಿಯುತ್ತ ಮಾತಾಡಲಿ. ಸಂಜೆಗೆ ಅದು ಕಿಟಕಿಯ ಪರದೆಯಾಗುತ್ತದೆ. ಬಿಸಿಲು ಹಿಂದಿನಿಂದ ಬಿದ್ದಾಗ ಪ್ರತಿ ತುಂಡಿನ ಅಂಚೂ ಹೊಳೆಯುವುದನ್ನು ನೀವು ನೋಡಬೇಕು.

ಇದಕ್ಕೆಲ್ಲ ಸಮಯವೆಲ್ಲಿದೆ ಎನ್ನುವುದು ಶಿಕ್ಷಕರ ನ್ಯಾಯವಾದ ಪ್ರಶ್ನೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೇ ತರಗತಿಯವರಿಗೆ ಹತ್ತು ದಿನ ಬ್ಯಾಗಿಲ್ಲದೆ ಬಂದು ಊರಿನ ಬಡಗಿ, ಕುಂಬಾರ, ತೋಟಗಾರ, ಕಲಾವಿದರ ಬಳಿ ಕಲಿಯಲು ಹೇಳಿದೆ. ಆ ಬಡಗಿ, ಆ ಕುಂಬಾರ ಎಷ್ಟೋ ಕಡೆ ಅದೇ ಶಾಲೆಯ ಮಗುವೊಂದರ ಅಜ್ಜನೇ ಆಗಿರುತ್ತಾನೆ. ಹೊಸ ಯೋಚನೆಯೇನೂ ಅಲ್ಲ ಇದು. ಕೈಕಸುಬಿನ ಮೂಲಕವೇ ಓದು ಎಂದು 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಹೇಳಿದ್ದರು. ಎಪ್ಪತ್ತು ದಾಟಿದ ಅನೇಕರಿಗೆ ಶಾಲೆಯಲ್ಲಿ ತಕಲಿ ತಿರುಗಿಸಿ ಹಂಜಿಯಿಂದ ನೂಲು ತೆಗೆದ ನೆನಪು ಇನ್ನೂ ಇದೆ. ಒಂದು ತಕಲಿ ತಂದು ಅವರ ಕೈಗೆ ಕೊಟ್ಟು ನೋಡಿ.

ಅಂಟಿನ ವಿಷಯವನ್ನೂ ಹೇಳಿಬಿಡುತ್ತೇನೆ. ಫೆವಿಕಾಲ್ ಡಬ್ಬಿ ಖಾಲಿಯಾದಾಗ ಮೈದಾ ಹಿಟ್ಟನ್ನು ನೀರಲ್ಲಿ ಕಲಸಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಕುದಿಸಿದರೆ ಗಂಜಿಯಂಥ ಅಂಟು ಸಿಗುತ್ತದೆ. ಸಿನಿಮಾ ಪೋಸ್ಟರಿನವರು ಹಚ್ಚುತ್ತಿದ್ದದ್ದು ಇದನ್ನೇ. ಹುಳ ಹಿಡಿಯದಿರಲೆಂದು ಮೈಲುತುತ್ತ ಬೆರೆಸುವ ರೂಢಿ ಇತ್ತು, ಅದು ವಿಷ, ಮಕ್ಕಳ ಹತ್ತಿರ ಬೇಡವೇ ಬೇಡ. ಎರಡು ದಿನದ ತೋರಣಕ್ಕೆ ಬರೀ ಮೈದಾ ಸಾಕು.

ಅಲಂಕಾರ ಮಾಡುವವರು ಮರೆಯುವ ಸಂಗತಿ ಇನ್ನೊಂದಿದೆ: ನೋಡಲು ಬರುವವರ ಕಣ್ಣು. ಸೂರಿಗೆ ಕಟ್ಟಿದ ತೋರಣವನ್ನು ಕತ್ತು ನೋಯುವ ಅಜ್ಜಿ ನೋಡಲಾರರು. ಹಳದಿ ಕಾಗದದ ಮೇಲೆ ಬಿಳಿ ಅಕ್ಷರ ಪೊರೆ ಬಂದ ಕಣ್ಣಿಗೆ ಕಾಣದು. ಕೂತವರ ಕಣ್ಣಿನ ಮಟ್ಟಕ್ಕೆ ಚಿತ್ರವಿರಲಿ, ಅಕ್ಷರ ಬೆರಳುದ್ದ ಇರಲಿ. ಓದು ಬಾರದ ಅಜ್ಜಿಯರಿಗೆ ಮಗುವೇ ಪಕ್ಕದಲ್ಲಿ ನಿಂತು ಓದಿ ಹೇಳಲಿ. ಮೆಟ್ಟಿಲ ಮೇಲೆ ಜಮಖಾನ ಹಾಸಬೇಡಿ, ಕಾಲು ತೊಡರುತ್ತದೆ. ರಂಗೋಲಿ ದಾರಿಯ ನಡುವೆ ಬೇಡ, ಪಕ್ಕಕ್ಕಿರಲಿ. ಬೆಂಚಿನ ಬದಲು ಒರಗುವ ಕುರ್ಚಿ, ಹತ್ತಿರದಲ್ಲೇ ಶೌಚಾಲಯ, ಕುಡಿಯಲು ಬಿಸಿನೀರು. ಇವೂ ಅಲಂಕಾರವೇ ಎಂದು ನನ್ನ ವಾದ.

ಅಜ್ಜ-ಅಜ್ಜಿ ಇಲ್ಲದ ಮಕ್ಕಳೂ ಇರುತ್ತಾರೆ. ಕೆಲವರ ಮನೆಯವರು ದೂರದೂರಿನಿಂದ ಕೂಲಿಗೆ ಬಂದಿರುತ್ತಾರೆ, ಕೆಲವರ ಅಜ್ಜ-ಅಜ್ಜಿ ತೀರಿಕೊಂಡಿರುತ್ತಾರೆ, ಇನ್ನು ಕೆಲವು ಮನೆಗಳು ಮನಸ್ತಾಪದಿಂದ ಬಾಗಿಲು ಮುಚ್ಚಿಕೊಂಡಿರುತ್ತವೆ. ಇಂಥ ದಿನ ಆ ಮಗು ತಲೆ ತಗ್ಗಿಸಿ ಕೂರುವಂತಾದರೆ ಎಷ್ಟು ಬಣ್ಣದ ಕಾಗದ ಕಟ್ಟಿಯೂ ವ್ಯರ್ಥ. ಮಲೆನಾಡಿನ ಆ ಶಾಲೆಯಲ್ಲಿ ಬಿಸಿಯೂಟ ಮಾಡುವ ಅಡುಗೆಯವರು, ಹಾಲಿನ ಡೇರಿಯ ಅಜ್ಜ, ನಿವೃತ್ತ ಪೋಸ್ಟ್‌ಮ್ಯಾನ್, ಇವರನ್ನೆಲ್ಲ ಕರೆದಿದ್ದರು. ಎರಡು ವಾಚುಗಳ ಚೀಟಿಯಲ್ಲಿ 'ಕಲಿಸಿದ್ದು ಪೋಸ್ಟಜ್ಜ' ಎಂದಿತ್ತು.

ಹೆತ್ತವರ ಮತ್ತು ಹಿರಿಯ ನಾಗರಿಕರ ಪೋಷಣೆಗೆಂದು 2007ರಲ್ಲಿ ಬಂದ ಕಾಯಿದೆ 'ಮಕ್ಕಳು' ಎಂಬ ಪದದೊಳಗೆ ಮೊಮ್ಮಕ್ಕಳನ್ನೂ ಸೇರಿಸಿದೆ. ಅಪ್ರಾಪ್ತರನ್ನು ಮಾತ್ರ ಹೊರಗಿಟ್ಟಿದೆ. ಗರಿ ಮಡಚುತ್ತಿರುವ ಈ ಹುಡುಗರ ಮೇಲೆ ಸದ್ಯಕ್ಕೆ ಕಾನೂನಿನ ಯಾವ ಹೊರೆಯೂ ಇಲ್ಲ. ಅವರು ಮಾಡುತ್ತಿರುವುದೆಲ್ಲ ಬರೀ ಪ್ರೀತಿಗೆ.

ಮರುದಿನ ಗರಿ ಒಣಗಿ ಸುರುಟಿಕೊಳ್ಳುತ್ತದೆ, ಮಳೆ ಬಿದ್ದರೆ ಚಿತ್ತಾರ ಇಳಿಯುತ್ತದೆ. ಕೌದಿಯೊಂದು ಉಳಿಯುತ್ತದೆ. ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕದೆ ಒಂದನೇ ತರಗತಿಯ ನೆಲಕ್ಕೆ ಹಾಸಿ.

ಈ ವರ್ಷ ನಿಮ್ಮ ಮೊಮ್ಮಗುವಿನ ಶಾಲೆಯಿಂದ ಕರೆ ಬಂದರೆ, ಮಂಡಿ ನೋವು, ಬಿಸಿಲು ಎಂದು ಸಬೂಬು ಹೇಳದೆ ಹೋಗಿಬನ್ನಿ. ಕರೆ ಬರದಿದ್ದರೆ ನೀವೇ ಮೇಷ್ಟರಿಗೆ ಒಂದು ಮಾತು ಹೇಳಿ ನೋಡಿ. ಹೋಗುವಾಗ ಒಂದು ಸೂಜಿ, ಒಂದು ಉಂಡೆ ದಾರ ಚೀಲದಲ್ಲಿರಲಿ. ಪೋಣಿಸಲು ಕಣ್ಣು ಕಾಣುವುದಿಲ್ಲ ಎನ್ನಬೇಡಿ, ಅದಕ್ಕೆ ಅಲ್ಲಿ ಮಕ್ಕಳಿದ್ದಾರೆ.